ಅನಸೂಯಮ್ಮನ ಹೆಸರಿಲ್ಲದ ಮನೆ

ಅನಸೂಯಮ್ಮ ಮಹಡಿ ಮನೆಯನ್ನು ಬಾಡಿಗೆಗೆ ಕೊಡಲು ಶುರುಮಾಡಿ ಎಂಟು ವರ್ಷವಾಗಿತ್ತು. ಅಷ್ಟರಲ್ಲಿ ಇಬ್ಬರು ಮೇಷ್ಟ್ರುಗಳು, ಒಬ್ಬ ಬ್ಯಾಂಕಿನವನು, ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಂದು ಜೋಡಿ ಬಂದು ಇದ್ದು ಹೋದರು. ಯಾರಿಂದಲೂ ಆಕೆ ಒಂದು ಚೂರು ಕಾಗದ ಬರೆಸಿಕೊಂಡವಳಲ್ಲ. ಮನೆ ಕೇಳಿಕೊಂಡು ಬಂದವರನ್ನು ಜಗಲಿಯ ಮೇಲೆ ಕೂರಿಸಿ ಒಂದು ಲೋಟ ಕಾಫಿ ಕೊಡುವಳು. ಅವರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಆಳು ಎಂಥವನೆಂದು ಅಳೆದು ಮುಗಿಸಿರುತ್ತಿದ್ದಳು. ಮನಸ್ಸಿಗೆ ಬಂದರೆ ಬೀಗದ ಕೈ ಕೈಗೆ. ಬರದಿದ್ದರೆ, "ಮಗಳು ಬತ್ತೀನಿ ಅಂದವ್ಳೆ ಕಣಪ್ಪ, ಖಾಲಿ ಮಡಗಬೇಕು" ಅನ್ನುವ ಒಂದೇ ಮಾತು. ಮಗಳು ಅನುಶ್ರೀ ಅರಕಲಗೂಡಿನಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಳು. ತಾಯಿಯ ಮಹಡಿಗೆ ಬಂದಿರುವ ಯೋಚನೆ ಅವಳ ತಲೆಯಲ್ಲಿ ಒಂದು ದಿನವೂ ಸುಳಿದಿರಲಿಲ್ಲ.

ಕೊಣನೂರಿನ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ಹಾಸನದ ಈ ಮನೆಗೆ ಸೊಸೆಯಾಗಿ ಬಂದವಳು ಅನಸೂಯಮ್ಮ. ಗಂಡ ದೇವರಾಜ್ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಬೇಸಿಗೆಯಲ್ಲಿ ಸುಟ್ಟುಹೋದ ಮೋಟಾರುಗಳು ಅಂಗಡಿಯ ಮುಂದೆ ಸಾಲುಗಟ್ಟುತ್ತಿದ್ದವು. ಆ ಸಂಪಾದನೆಯಲ್ಲೇ ಅಪ್ಪನ ಕಾಲದ ಹೆಂಚಿನ ಮನೆಯನ್ನು ಬಿಚ್ಚಿ ಆರ್‌ಸಿಸಿ ಹಾಕಿಸಿದ, ಮೇಲೆ ಎರಡು ಕೋಣೆ ಎಬ್ಬಿಸಿದ. ಗೋಡೆ ಎದ್ದ ಇಪ್ಪತ್ತು ದಿನವೂ ಬೆಳಿಗ್ಗೆ ಸಂಜೆ ಬಿಂದಿಗೆಯಲ್ಲಿ ನೀರು ಹೊತ್ತು ಮೇಲೇರಿ ಗೋಡೆಗೆ ಕುಡಿಸಿದವಳು ಅನಸೂಯಮ್ಮ. ಆ ಮೆಟ್ಟಿಲುಗಳ ಲೆಕ್ಕ ಈಗಲೂ ಅವಳ ಮಂಡಿಗೆ ಗೊತ್ತಿತ್ತು. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಕೋಡುಬಳೆ, ಚಕ್ಕುಲಿ ಕರಿದು ಮದುವೆ ಮನೆಗಳಿಗೆ ಕೊಡುವುದು ಒಂದು ಕಡೆ, ಮಹಡಿಯ ಬಾಡಿಗೆ ಒಂದು ಕಡೆ, ಯಾರ ಮುಂದೂ ಕೈ ಒಡ್ಡದೆ ದಿನ ದೂಡುತ್ತಿದ್ದಳು.

ಹೋದ ಆಷಾಢದಲ್ಲಿ ಶಶಿಕುಮಾರ್ ಎಂಬ ಹುಡುಗ ಬಂದ. ಊರಾಚೆ ಬಿತ್ತನೆ ಆಲೂಗೆಡ್ಡೆ ತಯಾರಿಸುವ ಕಂಪನಿಯೊಂದರಲ್ಲಿ ಕಾಗದಪತ್ರದ ಕೆಲಸ ಅವನದು. ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಕುಳ್ಳಗೆ, ಗೋಧಿ ಬಣ್ಣ, ದಪ್ಪನೆಯ ಜಡೆ. ಮಾತಾಡದಿದ್ದರೆ ಅರಕಲಗೂಡಿನ ಸಂತೆಯಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ.

"ಇವ್ರು ರೋಸಾ ಮೇಡಂ, ಪೆರು ದೇಶದವರು ಅಮ್ಮ" ಎಂದ ಶಶಿಕುಮಾರ್. "ಆಲೂಗೆಡ್ಡೆಗೆ ಅಂಗಮಾರಿ ರೋಗ ಬತ್ತದಲ್ಲ, ಅದರಲ್ಲಿ ಇವರಷ್ಟು ಓದಿದೋರು ನಮ್ಮ ಕಡೆ ಸಿಕ್ಕಲ್ಲ. ಅದಕ್ಕೇ ಕರಿಸಿರೋದು."

"ಆಲೂಗೆಡ್ಡೆ ನೋಡಕ್ಕೆ ಸಮುದ್ರ ದಾಟ್ಕಂಡು ಬರಬೇಕಾ?"

"ಆಲೂಗೆಡ್ಡೆ ಹುಟ್ಟಿದ್ದೇ ಅವರ ಊರಲ್ಲಿ ಅಂತೆ."

ಅನಸೂಯಮ್ಮ ಕಾಫಿ ಕೊಟ್ಟಳು. ರೋಸಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಕುಡಿದಾದ ಮೇಲೆ ಲೋಟ ಎಲ್ಲಿ ತೊಳೆಯಬೇಕೆಂದು ಕೈಸನ್ನೆಯಲ್ಲಿ ಕೇಳಿದಳು. ಅಷ್ಟು ಸಾಕಾಯಿತು. ಬೀಗದ ಕೈ ಅವಳ ಕೈಗೆ ಹೋಯಿತು.

ಆದರೆ ಈ ಬಾಡಿಗೆ ಅಷ್ಟಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ಶಶಿಕುಮಾರ್ ಚೀಲದಿಂದ ಒಂದು ಕಟ್ಟು ಕಾಗದ ತೆಗೆದ. ಹೊರದೇಶದವರು ಇಲ್ಲಿ ಕೆಲಸ ಮಾಡಬೇಕೆಂದರೆ ಸುಮ್ಮನೆ ಬಂದು ಇಳಿಯುವ ಹಾಗಿಲ್ಲ ಎಂದು ಬಿಡಿಸಿ ಹೇಳಿದ. ಇಲ್ಲಿ ಸುಲಭವಾಗಿ ಸಿಕ್ಕದ ವಿದ್ಯೆ ಇರಬೇಕು, ಕಂಪನಿ ಜವಾಬ್ದಾರಿ ಬರೆದುಕೊಡಬೇಕು, ಸರ್ಕಾರ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಸಂಬಳ ಇರಬೇಕು. ಇಷ್ಟೆಲ್ಲ ಆಗಿಯೇ ರೋಸಾಗೆ ವೀಸಾ ಸಿಕ್ಕಿತ್ತು. ಇನ್ನು ಉಳಿದದ್ದು ವಾಸದ ಪರವಾನಗಿ. ಬಂದ ಹದಿನಾಲ್ಕು ದಿನದೊಳಗೆ ಹೆಸರು ನೋಂದಾಯಿಸಬೇಕು, ಅದಕ್ಕೆ ಎಲ್ಲಿ ಇರುತ್ತಾಳೆಂಬುದಕ್ಕೆ ದಾಖಲೆ ಬೇಕು. ಮನೆಗೆ ಸೇರಿಸಿಕೊಂಡವರು ಹೊರದೇಶದವರು ತಮ್ಮಲ್ಲಿ ತಂಗಿದ್ದಾರೆಂದು ತಿಳಿಸುವ ಸಿ ಫಾರಂ ಅನ್ನು ಒಂದು ದಿನದೊಳಗೆ ತುಂಬಿ ಕಳಿಸಬೇಕು.

"ಬಾಡಿಗೆ ಕರಾರು ನಾನೇ ಟೈಪ್ ಮಾಡಿಸ್ಕೊಂಡು ಬಂದಿದೀನಿ. ನೀವು ಇಲ್ಲಿ ರುಜು ಹಾಕಿ."

ಅನಸೂಯಮ್ಮ ಕನ್ನಡಕ ಏರಿಸಿ ಓದಿದಳು. 'ಮನೆಯ ಮಾಲೀಕರಾದ ಶ್ರೀಮತಿ ಅನಸೂಯಮ್ಮ, ಲೇಟ್ ದೇವರಾಜ್ ಅವರ ಪತ್ನಿ' ಎಂದಿತ್ತು. ಮೂವತ್ತೈದು ವರ್ಷ ಈ ಮನೆಯ ಕಸ ಗುಡಿಸಿದವಳಿಗೆ, ತನ್ನ ಹೆಸರೂ ಮಾಲೀಕರು ಎಂಬ ಮಾತೂ ಒಂದೇ ಸಾಲಿನಲ್ಲಿ ಇದ್ದುದನ್ನು ನೋಡಿದ್ದು ಅದೇ ಮೊದಲು. ಎರಡು ಸಲ ಓದಿದಳು. ದಪ್ಪ ಅಕ್ಷರದಲ್ಲಿ ರುಜು ಹಾಕಿದಳು.

ರೋಸಾ ಬಂದ ಆರನೆಯ ದಿನ ಪೊಲೀಸಿನ ದಫೇದಾರ್ ಸಿದ್ದೇಶ್ವರ ವಿಳಾಸ ತನಿಖೆಗೆ ಬಂದ. ಒಳ್ಳೆಯ ಮನುಷ್ಯ. ಬೂಟು ಬಿಚ್ಚಿ ಒಳಗೆ ಬಂದು, ಕೋಡುಬಳೆ ತಿಂದು, ಮಹಡಿ ನೋಡಿ, ಹೋಗುವಾಗ ಕರೆಂಟ್ ಬಿಲ್ ಕೇಳಿದ. ಬಿಲ್ ನೋಡಿ ಕತ್ತೆತ್ತಿದ.

"ಚೆನ್ನಯ್ಯ ಅಂದ್ರೆ ಯಾರಮ್ಮ?"

"ನಮ್ಮ ಮಾವನೋರು."

"ಅವರನ್ನ ಒಂದ್ಸಲ ಕರೀರಿ."

"ಗೋಡೆ ಮೇಲವ್ರೆ ಕಣಪ್ಪ" ಎಂದು ಅನಸೂಯಮ್ಮ ಹಾರ ಹಾಕಿದ್ದ ಪಟ ತೋರಿಸಿದಳು.

ಸಿದ್ದೇಶ್ವರ ನಗಲಿಲ್ಲ. "ಖಾತೆ?"

"ಅದೂ ಅವರ ಹೆಸ್ರಲ್ಲೇ ಐತೆ. ಕಂದಾಯ ನಾನೇ ಕಟ್ಕಂಡು ಬತ್ತಾ ಇವ್ನಿ."

"ಕಟ್ಟೋದು ಬೇರೆ, ಹೆಸರು ಇರೋದು ಬೇರೆ ಅಮ್ಮ. ನೀವು ಮಾಲೀಕರು ಅಂತ ಬರ್ಕೊಟ್ಟಿದೀರಿ. ದಾಖಲೆ ಹಂಗೆ ಹೇಳ್ತಿಲ್ಲ. ಮೇಲಿನೋರು ಕೇಳೇ ಕೇಳ್ತಾರೆ."

ಅವನು ಹೋದ ಮೇಲೆ ಅನಸೂಯಮ್ಮ ಬಾಣಲೆಯ ಮುಂದೆ ಕೂತಳು. ಎಣ್ಣೆ ಕಾದು ಹೊಗೆ ಬಂದರೂ ಹಿಟ್ಟು ಬಿಡಲು ಕೈ ಏಳಲಿಲ್ಲ.

ವಿಷಯ ಇದ್ದದ್ದು ಹೀಗೆ. ಇಪ್ಪತ್ತೆರಡು ವರ್ಷದ ಹಿಂದೆ ಚೆನ್ನಯ್ಯ ತೀರಿಕೊಂಡಾಗ, ತಿಥಿ ಮುಗಿದ ಮಾರನೆಯ ದಿನ ಹೊಳೆನರಸೀಪುರದ ಹತ್ತಿರದ ಊರಮನೆಯಲ್ಲಿ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಅಣ್ಣತಮ್ಮಂದಿರು ಭಾಗ ಮಾಡಿಕೊಂಡರು. ಊರಮನೆ, ನಾಲೆ ಕೆಳಗಿನ ಗದ್ದೆ, ತೆಂಗಿನ ತೋಟ ಹಿರಿಯವನಾದ ಕೆಂಪಣ್ಣನಿಗೆ. ಹಾಸನದ ಜಾಗ, ಮನೆ ದೇವರಾಜನಿಗೆ. ತಂಗಿ ಪುಟ್ಟಲಕ್ಷ್ಮಿಗೆ ಅವ್ವನ ಎರಡೆಳೆ ಸರ. ತಟ್ಟೆಯಲ್ಲಿ ವೀಳ್ಯ ಇಟ್ಟು ಮುಟ್ಟಿ ಎದ್ದರು. ಬರೆದುಕೊಳ್ಳೋಣವೇ ಎಂದು ಆ ಹಿರಿಯರಲ್ಲಿ ಒಬ್ಬ ಕೇಳಿದ್ದಕ್ಕೆ ಕೆಂಪಣ್ಣ, "ಒಂದೇ ಹೊಟ್ಟೇಲಿ ಹುಟ್ಟಿದೋರು ಛಾಪಾ ಕಾಗದ ಮಾಡ್ಕಬೇಕಾ, ಜನ ಉಗೀತಾರೆ" ಎಂದಿದ್ದ. ದೇವರಾಜ್ ಹೌದೆಂದಿದ್ದ. ಆ ಮಾತಿನ ಮೇಲೆ ಇಪ್ಪತ್ತೆರಡು ವರ್ಷ ಒಂದು ಬಿರುಕೂ ಇಲ್ಲದೆ ಎರಡು ಮನೆ ನಡೆದಿದ್ದವು. ಆ ಕಡೆಯಿಂದ ತೆಂಗಿನಕಾಯಿ ಬರುತ್ತಿತ್ತು, ಈ ಕಡೆಯಿಂದ ಕೋಡುಬಳೆ ಹೋಗುತ್ತಿತ್ತು.

ಸಂಜೆ ಶಶಿಕುಮಾರ್ ಓಡಿಬಂದ. ಮುಖ ಬಿಳಿಚಿಕೊಂಡಿತ್ತು. "ಒಂದು ಮಾತು ಮೊದ್ಲೇ ಹೇಳಬಾರದಿತ್ತಾ ಅಮ್ಮ?"

"ನೀನು ಕೇಳಿದ್ಯಾ? ಮನೆ ಯಾರ್ದು ಅಂದೆ, ನಂದು ಅಂದೆ. ಖಾತೆ ಯಾರ್ದು ಅಂತ ಬಾಯ್ಬಿಟ್ಯಾ?"

ಅವನು ಆಫೀಸಿನಲ್ಲಿ ವಿಚಾರಿಸಿಕೊಂಡೇ ಬಂದಿದ್ದ. ಚೆನ್ನಯ್ಯನ ವಾರಸುದಾರರೆಲ್ಲ ಸೇರಿ ಒಂದು ಒಪ್ಪಿಗೆ ಪತ್ರಕ್ಕೆ ರುಜು ಹಾಕಿದರೆ ರೋಸಾಳ ವಾಸದ ದಾಖಲೆಗೆ ಅಷ್ಟು ಸಾಕು. ಇಲ್ಲದಿದ್ದರೆ ಅರ್ಜಿ ತಿರುಗಿ ಬರುತ್ತದೆ. ಗಡುವು ದಾಟಿದರೆ ದಂಡ, ತಕರಾರು, ಮುಂದಿನ ವರ್ಷ ಪರವಾನಗಿ ಮುಂದುವರಿಸುವಾಗ ಪ್ರಶ್ನೆ.

ಮೇಲಿನಿಂದ ರೋಸಾ ಇಳಿದು ಬಂದಳು. ಆಗಲೇ ಅವಳಿಗೂ ಅನಸೂಯಮ್ಮನಿಗೂ ಅರ್ಧ ಸನ್ನೆ, ಅರ್ಧ ಫೋನಿನ ತರ್ಜುಮೆಯಲ್ಲಿ ಸಲಿಗೆ ಬೆಳೆದಿತ್ತು. ಸಾಗುವಿನ ಆಲೂಗೆಡ್ಡೆಯನ್ನು ಬಾಯಲ್ಲಿಟ್ಟು ಯಾವ ತಳಿಯೆಂದು ಹೇಳುತ್ತಿದ್ದಳು. ಅಂದು ಮಾತ್ರ ಫೋನನ್ನು ಅನಸೂಯಮ್ಮನ ಮುಂದೆ ಹಿಡಿದಳು. ಅದು ಕನ್ನಡದಲ್ಲಿ ಹೇಳಿತು: ನನ್ನಿಂದ ನಿಮಗೆ ತೊಂದರೆಯೇ?

"ನಿನ್ನಿಂದ ಯಾಕವ್ವ" ಎಂದಳು ಅನಸೂಯಮ್ಮ. "ನಾನು ಇವ್ನಿ ಕಣ. ನಿನ್ನ ಕಾಗದ ನಾನು ಮಾಡಿಸ್ಕೊಡ್ತೀನಿ."

ಹಾಗೆಂದವಳು ಎಂಟನೆಯ ದಿನ ಬೆಳಿಗ್ಗೆ ಹೊಳೆನರಸೀಪುರದ ಬಸ್ಸು ಹತ್ತಿದಳು. ಶಶಿಕುಮಾರ್ ಟೈಪ್ ಮಾಡಿಸಿಕೊಟ್ಟಿದ್ದ ಒಪ್ಪಿಗೆ ಪತ್ರವನ್ನು ಬಸ್ಸಿನಲ್ಲಿ ಬಿಚ್ಚಿ ಓದಿದಳು. 'ಈ ಕೆಳಗೆ ರುಜು ಮಾಡಿರುವ ನಾವು ದಿವಂಗತ ಚೆನ್ನಯ್ಯನವರ ವಾರಸುದಾರರಾಗಿದ್ದು, ನಮ್ಮ ಜಂಟಿ ಸ್ವತ್ತಾದ ಮನೆಯನ್ನು ಬಾಡಿಗೆಗೆ ಕೊಡಲು ನಮ್ಮದೇನೂ ಅಭ್ಯಂತರವಿರುವುದಿಲ್ಲ.' ಜಂಟಿ ಸ್ವತ್ತು ಎಂಬಲ್ಲಿ ಕಣ್ಣು ನಿಂತಿತು. ಹದಿಮೂರು ಮೈಲಿ ಮುಂದೆ ಹೋದರೂ ಅಲ್ಲೇ ನಿಂತಿತ್ತು. ಇದಕ್ಕೆ ತಾನೂ ರುಜು ಹಾಕಬೇಕು. ಹಾಕಿದರೆ, ಈ ಮನೆ ತನ್ನೊಬ್ಬಳದಲ್ಲ ಎಂದು ತಾನೇ ಪೊಲೀಸರ ಮುಂದೆ ಬರೆದುಕೊಟ್ಟಂತೆ.

ಕೆಂಪಣ್ಣ ಕಣದಲ್ಲಿ ತೆಂಗಿನಕಾಯಿ ಸುಲಿಸುತ್ತಿದ್ದ. ಎಪ್ಪತ್ತರ ಹತ್ತಿರದ ಆಳು, ಇನ್ನೂ ನೆಟ್ಟಗಿದ್ದ. ಅನಸೂಯಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ವಿಷಯ ಹೇಳಿದಳು.

"ಅಷ್ಟೇಯಾ? ಫೋನ್ ಮಾಡಿದ್ರೆ ನಾನೇ ಬತ್ತಿದ್ನಲ್ಲ" ಎಂದು ಕೆಂಪಣ್ಣ ಕೈ ಒರೆಸಿಕೊಂಡು, ಓದದೆಯೇ ರುಜು ಹಾಕಿಬಿಟ್ಟ. "ಆ ಹೆಣ್ಣುಮಗಳು ಎಲ್ಲಿಂದ್ಲೋ ಬಂದವ್ಳೆ. ತೊಂದ್ರೆ ಆಗಬಾರ್ದು."

ಅವನ ಮಗ ಅನಿಲ್‌ಕುಮಾರ್ ಕಾಗದ ತೆಗೆದುಕೊಂಡು ಪೂರ್ತಿ ಓದಿದ. ಓದಿ ತುಟಿಯಂಚಿನಲ್ಲಿ ನಕ್ಕ. "ಸರಿಯಾಗೇ ಬರ್ದವ್ರೆ ಚಿಕ್ಕಮ್ಮ. ಇದರದ್ದೊಂದು ಜೆರಾಕ್ಸ್ ನಂಗೂ ಬೇಕು."

ಅನಸೂಯಮ್ಮ ಬಸ್ಸಿನುದ್ದಕ್ಕೂ ನುಂಗಿಕೊಂಡು ಬಂದಿದ್ದ ಮಾತು ಆಗ ಹೊರಗೆ ಬಂತು. "ಭಾವ, ಇದರ ಕೆಳಗೆ ಒಂದು ಸಾಲು ಬರ್ದು ಕೊಡ್ತೀರಾ? ಆ ಮನೆ ನಮ್ಮೋರ ಭಾಗಕ್ಕೆ ಬಂದಿದ್ದು ಅಂತ."

ಕೆಂಪಣ್ಣನ ಮುಖ ನಿಧಾನಕ್ಕೆ ಕಪ್ಪಿಟ್ಟಿತು.

"ಪೊಲೀಸ್ನೋರು ಕೇಳಿದ್ರೂಂತ ಹಾಕಿದೆ. ಅವರಿಗೆ ನಾನು ಯಾರು ಅಂತ ಗೊತ್ತಿಲ್ಲ. ನಿಂಗೂ ಗೊತ್ತಿಲ್ವಾ ಅನಸೂಯಾ?"

"ಹಂಗಲ್ಲ ಭಾವ."

"ಇಪ್ಪತ್ತೆರಡು ವರ್ಸ. ಒಂದ್ಸಲಿ ಬಂದು ಕೇಳಿದ್ದೀನಾ, ಆ ಮನೇಲಿ ನಂಗೊಂದು ಮೂಲೆ ಕೊಡು ಅಂತ? ನಮ್ಮ ದೇವರಾಜ ಇದ್ದಿದ್ರೆ ಈ ಮಾತು ಕೇಳ್ತಿದ್ನಾ?"

"ನೀವು ಇರೋಗಂಟ ನಂಗೆ ಭಯ ಇಲ್ಲ" ಎಂದಳು ಅನಸೂಯಮ್ಮ. ಕಣ್ಣು ಅನಿಲನ ಕಡೆಗೆ ಹೋಯಿತು.

ಕೆಂಪಣ್ಣ ಅದನ್ನು ನೋಡಿದ. ಮಗನ ಮೇಲೆ ಬಂದ ಆ ಗುಮಾನಿಯನ್ನು ಅವನು ಅಲ್ಲಗಳೆಯಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. "ಊಟ ಮಾಡ್ಕಂಡು ಓಗು" ಎಂದಷ್ಟೇ ಹೇಳಿ ಕಾಯಿಯ ರಾಶಿಯತ್ತ ತಿರುಗಿದ. ಅನಸೂಯಮ್ಮ ಊಟಕ್ಕೆ ಕೂತಳು. ಅಷ್ಟರಲ್ಲಿ ಅನಿಲ್ ಹೋಗಿ ಕಾಗದದ ಜೆರಾಕ್ಸ್ ಮಾಡಿಸಿಕೊಂಡು ಬಂದ. ಹೊರಡುವಾಗ ಯಾವತ್ತೂ ಚೀಲಕ್ಕೆ ಬೀಳುತ್ತಿದ್ದ ತೆಂಗಿನಕಾಯಿಗಳನ್ನು ಆ ದಿನ ಯಾರೂ ಹಾಕಲಿಲ್ಲ.

ಹತ್ತನೆಯ ದಿನ ಚನ್ನರಾಯಪಟ್ಟಣ. ನಾದಿನಿ ಪುಟ್ಟಲಕ್ಷ್ಮಿಯ ಗಂಡನದು ಬಸ್ ಸ್ಟ್ಯಾಂಡಿನ ಹತ್ತಿರ ದಿನಸಿ ಅಂಗಡಿ. ಅವಳು ಗಲ್ಲಾದಲ್ಲಿ ಕೂತು ಬೆಲ್ಲ ತೂಗುತ್ತಿದ್ದಳು. ಕಾಗದ ಓದಿ ತಕ್ಕಡಿ ಬದಿಗಿಟ್ಟಳು.

"ವಾರಸುದಾರರು ಅಂದ್ರೆ ನಾನೂ ಸೇರ್ತೀನಾ ಅತ್ತಿಗೆ?"

"ಹಂಗಂತ ಬರ್ದವ್ರೆ ಕಣಮ್ಮಿ. ಪೊಲೀಸ್ನೋರಿಗೆ ಮೂರು ಜನದ್ದೂ ಬೇಕಂತೆ."

"ಪರ್ವಾಗಿಲ್ಲ ಪೊಲೀಸ್ನೋರು. ನಾನೂ ಆ ಮನೇಲಿ ಹುಟ್ಟಿದೋಳು ಅಂತ ಅವ್ರಿಗಾದ್ರೂ ಗೊತ್ತಾಯ್ತಲ್ಲ" ಎಂದು ಪುಟ್ಟಲಕ್ಷ್ಮಿ ನಕ್ಕಳು. ಆ ನಗುವಿನಲ್ಲಿ ಹುಳಿಯಿತ್ತು. "ಭಾಗ ಆದ ದಿನ ನಾನು ಎಲ್ಲಿದ್ದೆ ನೆನಪೈತಾ? ಹಿರೀಕರಿಗೆ ಮುದ್ದೆ ತಿರುವ್ತಾ ಇದ್ದೆ. ಪಕ್ಕದಲ್ಲಿ ನೀನು ಸಾರಿಗೆ ಒಗ್ಗರಣೆ ಹಾಕ್ತಾ ಇದ್ದೆ. ಹೊರಗೆ ಏನು ಹಂಚ್ತಾವ್ರೆ ಅಂತ ನಮ್ಮಿಬ್ಬರಿಗೂ ಗೊತ್ತಿರ್ಲಿಲ್ಲ. ಎಲೆ ಹಾಕಕ್ಕೆ ಹೋದಾಗ ದೊಡ್ಡಣ್ಣ ಸರ ಕೊಟ್ಟು, ನಿಂದು ಮುಗೀತು ಕಣವ್ವ ಅಂದ."

"ನೀನು ಬ್ಯಾಡ ಅಂದಿದ್ದೆ ಅಂತ ಹೇಳಿದ್ರು."

"ಕೇಳಿದ್ರೆ ತಾನೆ ಬ್ಯಾಡ ಅನ್ನೋದು, ಬೇಕು ಅನ್ನೋದು."

ಪುಟ್ಟಲಕ್ಷ್ಮಿ ಪೆನ್ನು ತೆಗೆದುಕೊಂಡು, ಜಂಟಿ ಸ್ವತ್ತು ಎಂಬಲ್ಲಿ ಬೆರಳಿಟ್ಟು ಇನ್ನೊಮ್ಮೆ ಓದಿ, ನಿಧಾನವಾಗಿ ತನ್ನ ಪೂರ್ತಿ ಹೆಸರು ಬರೆದಳು. "ಇದು ನಿಜ ತಾನೆ ಅತ್ತಿಗೆ?" ಎಂದು ಕೇಳಿದಳು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಅವರೆಬೇಳೆ ಕೇಳಿದ. ಅನಸೂಯಮ್ಮ ಉತ್ತರ ಕೊಡುವುದರಿಂದ ತಪ್ಪಿಸಿಕೊಂಡು ಬಸ್ಸು ಹಿಡಿದಳು.

ಹನ್ನೆರಡನೆಯ ದಿನ. ಕಾಗದದಲ್ಲಿ ಎರಡು ರುಜು ಇದ್ದವು, ಮೂರನೆಯದು ಆಗಬೇಕಿತ್ತು. ಅನಸೂಯಮ್ಮ ಬೆಳಗಿನಿಂದ ಮೂರು ಸಲ ಪೆನ್ನಿನ ಮುಚ್ಚಳ ತೆಗೆದು ಮೂರು ಸಲ ಹಾಕಿದಳು. ಅರಕಲಗೂಡಿನಿಂದ ಅನುಶ್ರೀ ಫೋನ್ ಮಾಡಿ, "ಬಾಡಿಗೆ ಹೋದ್ರೆ ಹೋಗ್ಲಿ ಅಮ್ಮ, ಅದಕ್ಕೆ ಮಾತ್ರ ರುಜು ಹಾಕಬೇಡ" ಎಂದಳು. ಮಹಡಿಯ ಮೇಲೆ ರೋಸಾ ಅತ್ತಿಂದಿತ್ತ ನಡೆಯುವುದು ಕೇಳುತ್ತಿತ್ತು. ನಿನ್ನ ಕಾಗದ ಮಾಡಿಸಿಕೊಡ್ತೀನಿ ಎಂದು ಅವಳ ಮುಖ ನೋಡಿ ಹೇಳಿದ ಮಾತು ಒಂದು ಕಡೆ ಎಳೆಯಿತು. ಬಿಂದಿಗೆ ಹೊತ್ತು ಹತ್ತಿದ ಮೆಟ್ಟಿಲು ಇನ್ನೊಂದು ಕಡೆ ಎಳೆಯಿತು. ಎರಡರ ನಡುವೆ ಪುಟ್ಟಲಕ್ಷ್ಮಿಯ ಪೂರ್ತಿ ಹೆಸರು, ಗುಂಡಗಿನ ಅಕ್ಷರದಲ್ಲಿ.

ಮಧ್ಯಾಹ್ನ ಶಶಿಕುಮಾರ್ ಬಂದಾಗ ಆಕೆ ಕೇಳಿದಳು. "ಈವತ್ತೇ ಬೇರೆ ಮನೆ ತೋರ್ಸಿದ್ರೆ ಇವಳ ಪರವಾನಗಿ ಆಯ್ತದಾ?"

"ಕಂಪನಿಯ ಗೆಸ್ಟ್‌ಹೌಸ್ ಇದೆ. ಅಲ್ಲಿಂದ ಹೊಸ ಸಿ ಫಾರಂ ಹಾಕಿ ಅರ್ಜಿ ತಿದ್ದಿದ್ರೆ ಆಗ್ತದೆ. ಯಾಕಮ್ಮ, ಅವರು ರುಜು ಹಾಕ್ಲಿಲ್ವಾ?"

"ಅವ್ರು ಹಾಕವ್ರೆ. ನಾನು ಹಾಕಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ಆಕೆಗೆ ಹಗುರವಾಗುತ್ತಿತ್ತು. ಇಬ್ಬರೂ ಆಟೋ ಹತ್ತಿ ಪೊಲೀಸ್ ಕಚೇರಿಗೆ ಹೋದರು. ಅನಸೂಯಮ್ಮ ಮೇಜಿನ ಮುಂದೆ ನಿಂತು, "ಮಾಲೀಕರು ಅಂತ ರುಜು ಹಾಕಿದ್ದು ನನ್ನ ತಪ್ಪು ಸಾ. ಆ ಕರಾರು ವಾಪಸ್ ತಗೋತೀನಿ" ಎಂದಳು. ಅಲ್ಲಿದ್ದ ಅಧಿಕಾರಿ ಅವಳ ವಯಸ್ಸು ನೋಡಿ ಕುರ್ಚಿ ತೋರಿಸಿದ. ಹಾಗೆಂದು ಒಂದು ಹೇಳಿಕೆ ಬರೆಸಿಕೊಂಡ. 'ಸದರಿ ಮನೆಯು ನನ್ನ ಹೆಸರಿನಲ್ಲಿ ಇರುವುದಿಲ್ಲ' ಎಂಬ ಸಾಲಿನ ಕೆಳಗೆ ಆಕೆ ರುಜು ಹಾಕಿದಳು. ಜಂಟಿ ಎಂಬ ಮಾತಿನಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೂ ದೊಡ್ಡ ಮಾತಿಗೆ ರುಜು ಹಾಕಿದೆನೇನೋ ಎಂದು ಆಟೋದಲ್ಲಿ ಬರುವಾಗ ಹೊಳೆಯಿತು. ಆಗ ಹೊಳೆದು ಏನೂ ಆಗುವಂತಿರಲಿಲ್ಲ.

ರೋಸಾ ಅದೇ ಸಂಜೆ ಎರಡು ಪೆಟ್ಟಿಗೆ ಇಳಿಸಿಕೊಂಡು ಹೊರಟಳು. ಫೋನು ಮುಂದೆ ಹಿಡಿಯಲಿಲ್ಲ. ಅನಸೂಯಮ್ಮನ ಎರಡೂ ಕೈ ಹಿಡಿದು ಒಂದು ಗಳಿಗೆ ನಿಂತಳು. "ಕ್ಷಮ್ಸು ಕಣವ್ವ, ಕೊಟ್ಟ ಮಾತು ನಡೆಸ್ಲಿಲ್ಲ" ಎಂದಳು ಅನಸೂಯಮ್ಮ. ಭಾಷೆ ತಿಳಿಯದಿದ್ದರೂ ರೋಸಾ ತಲೆಯಾಡಿಸಿದಳು. ಗಡುವಿನ ಕೊನೆಯ ದಿನ ಅರ್ಜಿ ಸ್ವೀಕಾರವಾಯಿತು, ಮುಂದೆ ಹತ್ತು ದಿನಕ್ಕೆ ಪರವಾನಗಿಯೂ ಬಂತು ಎಂದು ಶಶಿಕುಮಾರ್ ಹೇಳಿದ.

ಪರವಾನಗಿ ಬಂದ ವಾರದಲ್ಲೇ ಪುಟ್ಟಲಕ್ಷ್ಮಿಯ ಫೋನು ಬಂತು.

"ಆ ಕಾಗದ ಕೊಟ್ಟೆಯಾ ಅತ್ತಿಗೆ?"

ಸುಳ್ಳು ಹೇಳಬಹುದಿತ್ತು. "ಇಲ್ಲ ಕಣಮ್ಮಿ" ಎಂದಳು ಅನಸೂಯಮ್ಮ. "ಆವಮ್ಮನ್ನ ಬೇರೆ ಕಡೆ ಕಳಿಸ್ದೆ."

"ನನ್ನ ಹೆಸರು ಇತ್ತೂಂತ್ಲಾ?"

ಅನಸೂಯಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಪೊಲೀಸ್ನೋರಿಗೆ ಬ್ಯಾಡ. ನಂಗೆ ಹೇಳು ಸಾಕು. ಆ ಮನೇಲಿ ನಂದೂ ಐತಾ, ಇಲ್ವಾ?"

ಅಂಗಡಿಯಲ್ಲಿ ಯಾರೋ ಚಿಲ್ಲರೆ ಕೇಳುವುದು ಫೋನಿನಲ್ಲಿ ಕೇಳಿಸಿತು. ಪುಟ್ಟಲಕ್ಷ್ಮಿ ಅವರಿಗೆ ಕಾಯಲು ಹೇಳಿದಳು. ಅನಸೂಯಮ್ಮ ಗೋಡೆಗೆ ಒರಗಿಕೊಂಡಳು. ಕೆಂಪಣ್ಣನ ಮುಂದೆ ತಾನು ಬೇಡಿದ್ದು ಇದನ್ನೇ ಅಲ್ಲವೇ, ಇದ್ದದ್ದನ್ನು ಇದೆ ಎಂದು ಹೇಳಿ ಎಂದು. ಕೇಳಿದವಳಿಗೆ ಅವನು ಬೆನ್ನು ತಿರುಗಿಸಿದ್ದ.

"ಐತೆ" ಎಂದಳು.

"ಭಾನುವಾರ ಬತ್ತೀನಿ. ದೊಡ್ಡಣ್ಣಂಗೂ ಬಾ ಅಂತೀನಿ. ಕುಂತ್ಕಂಡು ಬರ್ಸಾನ" ಎಂದು ಪುಟ್ಟಲಕ್ಷ್ಮಿ ಫೋನ್ ಇಟ್ಟಳು. ದನಿಯಲ್ಲಿ ಜಗಳವಿರಲಿಲ್ಲ. ಕೆಂಪಣ್ಣ ಬಂದರೆ ಜೊತೆಗೆ ಅನಿಲ್ ಬರುತ್ತಾನೆ, ಅವನ ಜೇಬಿನಲ್ಲಿ ಜೆರಾಕ್ಸ್ ಇರುತ್ತದೆ ಎಂಬುದು ಅನಸೂಯಮ್ಮನಿಗೆ ಹೇಳದೆಯೇ ಗೊತ್ತಿತ್ತು.

ಜಾಗ ಮಾವನದೇ ಇರಬಹುದು, ಮೂವರಿಗೂ ಸೇರಬಹುದು. ಆದರೆ ಗೋಡೆ ಎಬ್ಬಿಸಿದವನು ದೇವರಾಜ್. ಅದನ್ನಾದರೂ ತೋರಿಸಬೇಕಲ್ಲ. ಶನಿವಾರವೆಲ್ಲ ಆಕೆ ಕಬ್ಬಿಣದ ಟ್ರಂಕು, ಬೀರು, ಅಟ್ಟದ ಮೇಲಿನ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಹುಡುಕಿದಳು. ಇಟ್ಟಿಗೆಯದು, ಸಿಮೆಂಟಿನದು, ಕಂಬಿಯದು, ಗಾರೆ ಮೇಸ್ತ್ರಿಯದು, ಯಾವುದಾದರೊಂದು ರಸೀದಿ. ಮೋಟಾರು ರಿಪೇರಿಯ ಹಳೆಯ ಪುಸ್ತಕ ಸಿಕ್ಕಿತು, ಅನುಶ್ರೀಯ ಶಾಲೆಯ ಅಂಕಪಟ್ಟಿ ಸಿಕ್ಕಿತು. ಮನೆ ಕಟ್ಟಿದ್ದರ ಒಂದು ಚೀಟಿಯೂ ಇರಲಿಲ್ಲ. ಇಟ್ಟಿಗೆಗೂಡಿನವನು ಗುರುತಿನವನು, ಮೇಸ್ತ್ರಿ ಸ್ನೇಹಿತ, ಕಂಬಿಯ ಅಂಗಡಿಯವನು ದಿನಾ ಮೋಟಾರು ತರುತ್ತಿದ್ದವನು. ದೇವರಾಜ್ ಎಲ್ಲರಿಗೂ ಮಾತಿನ ಮೇಲೇ ಕೊಟ್ಟಿದ್ದ.

ಆಕೆ ಹರಡಿದ ಕಾಗದಗಳ ನಡುವೆ ಕೂತು, ಮೊದಲಿನಿಂದ ಇನ್ನೊಂದು ಸಲ ಹುಡುಕಲು ಶುರುಮಾಡಿದಳು.